ಗಿರಣಿಯಲ್ಲಿ ಹುಟ್ಟಿದ ಮಾತು

ನಮ್ಮ ಮನೆಯ ಪಡಸಾಲೆ ಹಗಲು ಹೊತ್ತು ನಮ್ಮದಾಗಿರಲಿಲ್ಲ. ಬ್ಯಾಂಕಿನವರು, ಕಾಲುವೆ ಆಫೀಸಿನವರು, ಶಾಲೆಯ ಮಾಸ್ತರುಗಳು, ಹಾಸ್ಟೆಲಿನ ಹುಡುಗರು, ಲಿಂಗಸುಗೂರಿನ ಬಸ್ಸು ತಪ್ಪಿಸಿಕೊಂಡು ಹೊಟ್ಟೆ ಹಸಿದವರು, ಇಷ್ಟೂ ಮಂದಿ ಅಲ್ಲಿ ಕೂತು ಉಣ್ಣುತ್ತಿದ್ದರು. ನಾನು ಅಕ್ಷರ ತೀಡಿದ್ದು ಅವರ ಕಾಲುಗಳ ಪಕ್ಕದಲ್ಲಿ, ಬೆಂಚಿನ ಕೆಳಗೆ ಕೂತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಒಂದು ಓಣಿ ಒಳಗೆ ಬಂದರೆ ಮಣ್ಣಿನ ಮಾಳಿಗೆಯ ಮನೆ. ಅದಕ್ಕೆ ಬೋರ್ಡು ಗೀರ್ಡು ಏನೂ ಇರಲಿಲ್ಲ. ಯಾರನ್ನು ಕೇಳಿದರೂ ಶಾಂತವ್ವನ ಖಾನಾವಳಿ ಎಂದು ಕೈ ತೋರಿಸುತ್ತಿದ್ದರು. ಶಾಂತವ್ವ ನಮ್ಮವ್ವ. ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮೂಲೆಗೆ ಜೋಳದ ಚೀಲಗಳ ಕೋಣೆ, ಆ ಚೀಲಗಳ ಸಂದಿಯಲ್ಲಿ ನಮ್ಮ ಹಾಸಿಗೆಗಳ ಸುರುಳಿ, ಆಮೇಲೆ ಹಿತ್ತಲು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಹೊಗೆಯೂ ಹಿಟ್ಟಿನ ದೂಳೂ ಸುತ್ತುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಡತನ ಅಂತ ಯಾರೂ ನನಗೆ ಹೇಳಿರಲಿಲ್ಲವಾದ್ದರಿಂದ ನಾನು ಭಾಳ ಸುಖವಾಗಿಯೇ ಇದ್ದೆ.

ಮುಂಜಾನೆ ನನ್ನನ್ನು ಎಬ್ಬಿಸುತ್ತಿದ್ದದ್ದು ರೊಟ್ಟಿ ಬಡಿಯುವ ಸಪ್ಪಳ. ಸುತ್ತ ಕಾಲುವೆ ನೀರು ಬಂದು ಗೊರೇಬಾಳದ ಕಡೆಯ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದವು, ಊರಿಗೆ ಊರೇ ಅನ್ನಕ್ಕೆ ತಿರುಗಿತ್ತು, ಆದರೆ ಅವ್ವ ಮಾತ್ರ ಮಸ್ಕಿ ಕಡೆಯ ಮಳೆ ನೀರಿನ ಜೋಳವೇ ಬೇಕು ಎಂದು ಹಟ ಹಿಡಿದಿದ್ದಳು. "ನೀರುಣಿಸಿದ ಜ್ವಾಳಕ್ಕ ಜಿಗಿ ಇರಂಗಿಲ್ಲ" ಎನ್ನುವುದು ಅವಳ ವಾದ. ಅಪ್ಪನಿಗೆ ಅನ್ನವೆಂದರೆ ಪ್ರಾಣ. ಈ ಅನ್ನ ರೊಟ್ಟಿಯ ಜಗಳ ನಮ್ಮ ಮನೆಯಲ್ಲಿ ಮುಗಿದದ್ದನ್ನು ನಾನು ಕಾಣೆ. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ, ಮಧ್ಯಾಹ್ನ ಇಳಿಹೊತ್ತಿಗೆ, ನಾವು ಅದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದೆವು. ಪುಂಡಿಪಲ್ಯ, ಕಾರಬ್ಯಾಳಿ, ಶೇಂಗಾ ಹಿಂಡಿ, ಮೊಸರು. ಅಪ್ಪ ಆ ಹೊತ್ತಿಗೆ ಬೆಂಚಿನಿಂದ ಬೆಂಚಿಗೆ ಹಾರಿದ ಊರ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದ. ಯಾರ ಮಗಳು, ಯಾರ ಹೊಲ, ಯಾವ ಸಾಹೇಬನಿಗೆ ವರ್ಗ. ಅವ್ವ ರೊಟ್ಟಿ ಮುರಿಯುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನೀವು ನೋಡೀರೇನು, ಕೇಳೀರೇನು?"

"ನೋಡಾಕ ನಾ ಏನ್ ಅಲ್ಲೇ ಕುಂತಿದ್ನೇನು? ಮಂದಿ ಅಂತಾರ."

"ಮಂದಿಗೆ ಹೆಸರು ಇರ್ತೈತಲ್ಲ. ಯಾರಂತ ಹೇಳ್ರಿ."

ಅಪ್ಪನ ಅರ್ಧ ಸುದ್ದಿ ಅಲ್ಲಿಗೇ ಸಾಯುತ್ತಿತ್ತು. ಪಾಪ, ಅವನು ಮುಖ ಸಣ್ಣದು ಮಾಡಿಕೊಂಡು ಮೊಸರು ಕಲಸುತ್ತಿದ್ದ. ನಾನು ಮುಂದೆ ಲಿಂಗಸುಗೂರಿನಲ್ಲಿ ಶಾಲೆಯ ಟೀಚರಾಗಿ ಎಷ್ಟೋ ವರ್ಷ ಕಳೆದೆ. ಒಬ್ಬ ಹುಡುಗ ಇನ್ನೊಬ್ಬನ ಮೇಲೆ ದೂರು ತಂದರೆ ನನ್ನ ಬಾಯಿಂದ ಬರುತ್ತಿದ್ದದ್ದು ಅವ್ವನ ಅದೇ ಪ್ರಶ್ನೆ. ಮಕ್ಕಳು ನನಗೆ 'ನೋಡಿದೇನು ಟೀಚರ್' ಅಂತ ಹೆಸರಿಟ್ಟಿದ್ದರು ಎಂದು ನಿವೃತ್ತಿಯಾದ ಮೇಲೆ ಗೊತ್ತಾಯಿತು.

ನಮ್ಮ ಮನೆಗೆ ದಿನಾ ಬರುತ್ತಿದ್ದವಳು ಹುಲಿಗೆವ್ವ. ಕೆಳಗೇರಿಯವಳು, ಅಂದರೆ ದಲಿತರ ಓಣಿಯವಳು. ಹಿತ್ತಲ ಬಾಗಿಲಿನಿಂದ ಬಂದು, ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿಕೊಂಡು, ಮರ, ಅಂದರೆ ಕೇರುವ ಮೊರ, ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವಳು ಮರ ಝಾಡಿಸಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ, ಹರಳು ಮತ್ತೊಂದು ಕಡೆ ಬಂದು ಕೂರುತ್ತಿದ್ದವು. ನನ್ನ ತಲೆಯ ಹೇನು ನೋಡುವುದು, ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ತೆಗೆಯುವುದು, ಅವ್ವ ಬೈದಾಗ ನನ್ನ ಪರವಾಗಿ ಮಾತಾಡುವುದು, ಎಲ್ಲ ಅವಳದೇ ಪಾಲು. ಉಣ್ಣುವ ಹೊತ್ತಿಗೆ ಅವ್ವ ಅವಳಿಗೆ ಹಿತ್ತಲ ಮೆಟ್ಟಿಲ ಮೇಲೆ ತಾಟು ಇಡುತ್ತಿದ್ದಳು. ಅದು ಹಾಗೇಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಹೊರಗೆ ಗಾಳಿ ಬರುತ್ತದೆ, ಅವಳಿಗೆ ಅಲ್ಲಿ ಹಿತ ಎಂದುಕೊಂಡಿದ್ದೆ.

ಇನ್ನೊಬ್ಬ ಶರಣಪ್ಪ. ಅವನು ನಮ್ಮಲ್ಲಿ ಬಡಿಸುವ ಕೆಲಸಕ್ಕಿದ್ದ. ಎರಡೂ ಕೈಯಲ್ಲಿ ತಾಟುಗಳ ಸಾಲು ಹಿಡಿದು ಬೆಂಚುಗಳ ನಡುವೆ ನುಸುಳುತ್ತಿದ್ದ, ಮಾತು ಬೆಣ್ಣೆ. ವರ್ಷಗಟ್ಟಲೆ ಅವ್ವನ ಒಲೆಯ ಮುಂದೆ ನಿಂತು ಬಿಸಿ ರೊಟ್ಟಿ ಒಯ್ದವನು. ಆಮೇಲೆ ಅವನಿಗೂ ಸ್ವಂತಕ್ಕೆ ಏನಾದರೂ ಮಾಡಬೇಕೆನ್ನಿಸಿ, ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ಒಂದು ಖಾನಾವಳಿ ತೆರೆದ. ಅವ್ವ ಬೇಸರ ಮಾಡಿಕೊಳ್ಳಲಿಲ್ಲ. ತೆರೆದ ದಿನ ತನ್ನದೊಂದು ಹಳೆಯ ಹಂಚನ್ನು ತಿಕ್ಕಿ ತೊಳೆದು, ಕುಂಕುಮ ಹಚ್ಚಿ ಕಳಿಸಿದಳು. "ಹಸಿದವ್ರು ಊರಾಗ ಭಾಳ ಅದಾರ, ಅವನೂ ಬದುಕ್ಲಿ" ಎಂದಳು. ಆದರೆ ಹಸಿದವರು ಅವನ ಮುಂದೆಯೇ ಹಾದು ನಮ್ಮ ಓಣಿಗೆ ಬರುತ್ತಿದ್ದರು. ಅವನ ರೊಟ್ಟಿ ದಪ್ಪ, ನಡುವೆ ಹಸಿ. ಏನು ಮಾಡಲಿಕ್ಕಾಗುತ್ತದೆ?

ಅದೇ ಸುಮಾರಿಗೆ ಅವ್ವನಿಗೆ ಬಲಗೈಯ ರಟ್ಟೆ ನೋವು ಶುರುವಾಯಿತು. ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡಿಯುವ ಕೈ ಅದು. ಎಣ್ಣೆ ಕಾಸಿ ಹಚ್ಚಿ, ಲಕ್ಕಿ ಸೊಪ್ಪಿನ ಶಾಖ ಕೊಟ್ಟು ಬಡಿಯುತ್ತಿದ್ದಳು. ನೋವಿನ ವಿಷಯ ಮನೆಯವರನ್ನು ಬಿಟ್ಟರೆ ಶರಣಪ್ಪನಿಗೆ ಮಾತ್ರ ಗೊತ್ತಿತ್ತು, ಅವ್ವನೇ ಹೇಳಿಕೊಂಡಿದ್ದಳು. ಒಂದು ದಿನ ಪಕ್ಕದ ಮನೆಯ ಮಹಬೂಬ್‌ಬಿ ಖಾಲಾ ತಲೆಯ ಮೇಲಿನ ಹಿಟ್ಟಿನ ಡಬ್ಬಿಯನ್ನೂ ಇಳಿಸದೆ, ಗಿರಣಿಯಿಂದ ಸೀದಾ ನಮ್ಮ ಅಡುಗೆಮನೆಗೇ ಬಂದಳು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು.

"ಶಾಂತಾ, ಸಿಟ್ಟಿಗೆ ಬರಬ್ಯಾಡವ್ವ. ಕಸಂ, ನನ್ನ ಕಿವಿಲೇ ಕೇಳಿ ಬಂದೀನಿ. ಆ ಬೇಶರಂ ಶರಣ್ಯಾ ಗಿರಣ್ಯಾಗ ನಿಂತು ಏನಂತಾನ ಗೊತ್ತೇನು?"

"ಏನಂತಾನ?"

"ಪಾಪ ಶಾಂತಕ್ಕಗ ರಟ್ಟಿ ಎತ್ತಾಕ ಬರವಲ್ದು, ಅದಕ್ಕ ಹುಲಿಗೆವ್ವನ ಕಡೆ ರೊಟ್ಟಿ ಬಡಸಾಕತ್ಯಾಳ, ಏನ್ ಮಾಡ್ತಾಳ, ಹೊಟ್ಟಿಪಾಡು, ನೀವು ಮತ್ತ ಯಾರ ಮುಂದೂ ಅನ್ನಬ್ಯಾಡ್ರಿ ಅಂತಾನ! ಗಿರಣಿ ತುಂಬ ಹೆಣ್ಣಮಕ್ಕಳಿದ್ರು, ಶಾಂತಾ. ಅನ್ನಬ್ಯಾಡ್ರಿ ಅಂದ್ರ ಬಿಡ್ತಾರೇನು?"

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅವ್ವ ಅದನ್ನು ಕಿತ್ತು ಪಕ್ಕಕ್ಕೆ ಎಸೆದಳು.

"ಗಿರಣ್ಯಾಗ ಇದ್ದವ್ರ ಮ್ಯಾಲೆ ನನಗೇನೂ ಸಿಟ್ಟಿಲ್ಲ ಖಾಲಾ. ಅವ್ರಿಗೆ ಗೊತ್ತಿಲ್ಲ, ಕೇಳಿದ್ದು ಹೇಳ್ತಾರ. ಇವಂಗ ಗೊತ್ತೈತಿ. ನನ್ನ ಒಲಿ ಮುಂದ ನಿಂತು ಬೆಳೆದಾನ. ಸುಳ್ಳಂತ ಗೊತ್ತಿದ್ದು, ಕುಂತು ವಿಚಾರ ಮಾಡಿ ಬಿಟ್ಟಾನ."

ಗೊತ್ತಿಲ್ಲದೆ ಹೇಳುವುದು ಬೇರೆ, ಗೊತ್ತಿದ್ದೂ ಹೇಳುವುದು ಬೇರೆ ಎಂಬ ಈ ಮಾತನ್ನು ನಾನು ಮೊದಲು ಕೇಳಿದ್ದು ಆ ಹೊಗೆಯ ಅಡುಗೆಮನೆಯಲ್ಲಿ. ಈಗ ನನ್ನ ಮೊಬೈಲಿಗೆ ಮುಂಜಾನೆ ಎದ್ದರೆ ಸಾಕು, ಬಳಗದವರ ಗುಂಪಿನಲ್ಲಿ ಇಂಥವೇ ಬಂದು ಬೀಳುತ್ತವೆ. ಇಂಥ ಅಂಗಡಿಯಲ್ಲಿ ತಿನ್ನಬೇಡಿ, ಇಂಥವರ ಕೈಯಿಂದ ತರಕಾರಿ ಕೊಳ್ಳಬೇಡಿ, ಕೂಡಲೇ ಎಲ್ಲರಿಗೂ ಕಳಿಸಿ. ನಮ್ಮ ಅಳಿಯ ಬ್ಯಾಂಕಿನಲ್ಲಿರುವವ, ಓದಿಕೊಂಡವ, ಅವನೂ ಒತ್ತಿ ಒತ್ತಿ ಕಳಿಸುತ್ತಾನೆ. ಇದನ್ನು ಮೊದಲು ಬರೆದವ ಯಾರಪ್ಪಾ, ಅವನಿಗೇನು ಲಾಭ ಎಂದು ಕೇಳಿದರೆ "ಇರ್ಲಿ ಬಿಡ್ರಿ ಅತ್ತಿ, ಹುಷಾರ ಇರೂದು ಚಲೋ ಅಲ್ಲೇನು" ಎನ್ನುತ್ತಾನೆ. ನನಗೆ ಮೈ ಉರಿಯುತ್ತದೆ. ಶರಣಪ್ಪನೂ ಅಷ್ಟೇ ಅಲ್ಲವೇ ಮಾಡಿದ್ದು? ಅವ್ವನ ರಟ್ಟೆ ನೋವು ಖರೇ. ಹುಲಿಗೆವ್ವ ದಿನಾ ನಮ್ಮಲ್ಲಿಗೆ ಬರುವುದೂ ಖರೇ. ಆ ಎರಡು ಖರೇ ಮಾತಿನ ನಡುವೆ ತನ್ನದೊಂದನ್ನು ಸೇರಿಸಿ, ಮೇಲೆ 'ಪಾಪ' ಅಂತ ಸುರಿದ. ಕೇಳಿದವರಿಗೆ ಅವನ ಮೇಲೆ ಅನುಮಾನ ಬರುವುದಿರಲಿ, ಎಷ್ಟು ಒಳ್ಳೆಯವನಪ್ಪಾ ಅನ್ನಿಸಿರಬೇಕು.

ಮಾತು ಗಿರಣಿಯಿಂದ ಮನೆಮನೆಗೆ ಹಿಟ್ಟಿನ ಜೊತೆಗೇ ಹೋಯಿತು. ಮೊದಲು ಕಾಲುವೆ ಆಫೀಸಿನವರು ಬರುವುದು ಬಿಟ್ಟರು. ಆಮೇಲೆ ಬ್ಯಾಂಕಿನವರು. ಯಾರೂ ಏನೂ ಅನ್ನಲಿಲ್ಲ, ಜಗಳವಾಡಲಿಲ್ಲ, ಸುಮ್ಮನೆ ಬರಲಿಲ್ಲ. ಅವ್ವ ಬುಟ್ಟಿಯ ರೊಟ್ಟಿಗಳನ್ನು ಒಣಗಿಸಿ ಕಟಕ ಮಾಡಿ ಇಡತೊಡಗಿದಳು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಬೆಂಚುಗಳಿಂದ. ಖಾನಾವಳಿ ಮುಚ್ಚಿದರೆ ಊರು ಬಿಡಬೇಕು, ಮುದಗಲ್ಲಿನಲ್ಲಿದ್ದ ದೊಡ್ಡಪ್ಪನ ಮನೆಗೆ ಹೋಗಿ ಅವರ ಹಂಗಿನಲ್ಲಿರಬೇಕು ಎಂದು ಅಪ್ಪ ಅವ್ವ ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬಿತ್ತು. ದೊಡ್ಡಪ್ಪನ ಮನೆಯಲ್ಲಿ ನಾವು ಉಂಡ ಪ್ರತಿ ತುತ್ತನ್ನೂ ಯಾರಾದರೂ ನೋಡುತ್ತಿರುತ್ತಿದ್ದರು.

ಕೊನೆಗೆ ಬಾಯಿಬಿಟ್ಟು ಕೇಳಿದವರು ಹಿರೇಮಠ ಮಾಸ್ತರು. ನಮ್ಮ ಹಳೆಯ ಗಿರಾಕಿ, ನನಗೆ ಮಗ್ಗಿ ಹೇಳಿಸಿದವರು. ತಾಟಿನ ಮುಂದೆ ಕೂತು, ರೊಟ್ಟಿಗೆ ಕೈ ಹಾಕದೆ, ಗಲ್ಲಾದಲ್ಲಿ ಕೂತಿದ್ದ ಅಪ್ಪನನ್ನು ಕೇಳಿದರು.

"ಯಾಕೋ ಊರಾಗ ಮಾತು ಕೇಳಾಕತ್ತೀನಲ್ಲ. ಖರೇ ಏನು?"

ಅಪ್ಪ ಅಂಜುಬುರುಕ. ಅಂಜಿದವರಿಗೆ ದನಿ ಏರುತ್ತದೆ. ಎದ್ದು ನಿಂತು, ಕೊರಳಿನ ಲಿಂಗ ಮುಟ್ಟಿಕೊಂಡು, ಪಡಸಾಲೆಯಲ್ಲಿದ್ದ ಎಲ್ಲರಿಗೂ, ಓಣಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಕೂಗಿದ.

"ಈ ಲಿಂಗದ ಆಣಿ ಐತ್ರಿ ಮಾಸ್ತರ! ನಮ್ಮ ಒಲಿ ಮ್ಯಾಲೆ ಕೆಳಗೇರಿಯವ್ರ ನೆರಳು ಸೈತ ಬಿದ್ದಿಲ್ಲ. ಅಕಿ ಹಿತ್ತಲ ಬಾಗ್ಲಲೆ ಬರ್ತಾಳ, ಜ್ವಾಳ ಹಸನ ಮಾಡ್ತಾಳ, ಹಂಗ ಹೋಗ್ತಾಳ. ಒಳಗ ಕಾಲಿಟ್ಟಾಳಂತ ಯಾರರ ತೋರಿಸ್ರಿ, ನಾಳೆ ಬಾಗ್ಲ ಹಾಕ್ತೀನಿ!"

ಹಿತ್ತಲಲ್ಲಿ ಮರ ಝಾಡಿಸುವ ಸಪ್ಪಳ ನಿಂತಿತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ಎರಡೂ ಕಡೆ ಕಾಣುತ್ತಿತ್ತು. ಹುಲಿಗೆವ್ವ ಮರದಲ್ಲಿದ್ದ ಜೋಳವನ್ನು ಚೀಲಕ್ಕೆ ಸುರಿದಳು, ಚೀಲದ ಬಾಯಿ ಕಟ್ಟಿದಳು, ಗೋಣಿತಟ್ಟು ಝಾಡಿಸಿ ಮಡಚಿ ಗೋಡೆಗೆ ಆನಿಸಿದಳು. ಒಂದು ಸಲ ನನ್ನನ್ನು ನೋಡಿದಳು. ಹೋದಳು. ಇತ್ತ ಮಾಸ್ತರು ರೊಟ್ಟಿ ಮುರಿದು ಉಣ್ಣತೊಡಗಿದ್ದರು, ಅಪ್ಪ ಗೆದ್ದವನ ಹಾಗೆ ಮುಖದ ಬೆವರು ಒರೆಸಿಕೊಳ್ಳುತ್ತಿದ್ದ.

ಗೆಲುವು ಎಲ್ಲಿಯದು! ಅಲ್ಲಿಯ ತನಕ ಮಾತು ಕೇಳದೇ ಇದ್ದವರಿಗೂ ಅಪ್ಪನ ಆಣೆ ಕೇಳಿಸಿತ್ತು. ಏನೂ ಇಲ್ಲದಿದ್ದರೆ ಲಿಂಗ ಮುಟ್ಟಿ ಆಣೆ ಮಾಡುವ ದರ್ದು ಏನಿತ್ತು ಎಂದು ಮಂದಿ ಹೊಸದಾಗಿ ಆಡಿಕೊಂಡರು. ಮರುದಿನ ಗಿರಾಕಿಗಳು ಮತ್ತಷ್ಟು ಕಡಿಮೆ. ಹುಲಿಗೆವ್ವ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವ್ವ ತಾನೇ ಮರ ಹಿಡಿದು ಕೂತಳು, ರಟ್ಟೆ ನೋವಿಗೆ ಕಾಳು ಚೆಲ್ಲಿತು, ನಾನು ನೆಲದ ಮೇಲೆ ಆರಿಸಿದೆ. ಆ ಮಧ್ಯಾಹ್ನದ ಊಟಕ್ಕೆ ಅಪ್ಪ ಯಾವ ಸುದ್ದಿಯನ್ನೂ ಬಿಚ್ಚಲಿಲ್ಲ. ಅವ್ವನೇ ಮಾತು ತೆಗೆದಳು.

"ಅವ ಹೇಳಿದ್ದು ಸುಳ್ಳು. ನೀವು ಹೇಳಿದ್ದು ಖರೇ. ಎರಡರಾಗ ಯಾವುದು ಹೊಲಸಿತ್ತು, ನೀವ ಹೇಳ್ರಿ."

"ಮತ್ತ ನಾ ಏನ್ ಅನಬೇಕಿತ್ತು? ಹೌದು ಅನಬೇಕಿತ್ತೇನು?"

"ಅದ ನನಗೂ ತಿಳಿವಲ್ದು," ಎಂದಳು ಅವ್ವ. ರೊಟ್ಟಿ ಮುರಿದು ಮತ್ತೆ ಅಂದಳು: "ಅಂವ ಯಾಕ ಅದ ಸುಳ್ಳು ಹುಡುಕಿ ತಂದ ಹೇಳ್ರಿ? ಪಲ್ಯಾದಾಗ ಹಲ್ಲಿ ಬಿದ್ದಿತ್ತು ಅನ್ನಬಹುದಿತ್ತು. ಅನ್ನಲಿಲ್ಲ. ಇದನ್ನ ಅಂದ್ರ ನಾವು ಅಂಜತೀವಿ ಅಂತ ಅವಂಗ ಗೊತ್ತಿತ್ತು. ಹಿತ್ತಲ ಬಾಗ್ಲಾ ನೋಡ್ಯಾನಲ್ಲ."

ಅಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ.

ಸಂಜೆಗೆ ಮುಂಚೆ ಅವ್ವ ಮುಖ ತೊಳೆದು, ಸೆರಗು ಸರಿ ಮಾಡಿಕೊಂಡು, "ನಡಿ ಗಂಗೀ" ಎಂದು ನನ್ನನ್ನೂ ಹೊರಡಿಸಿದಳು. ಕೆಳಗೇರಿಗೆ ನಾನು ಹೋದದ್ದು ಅದೇ ಮೊದಲು. ಅವ್ವ ಹೋದದ್ದೂ ಅದೇ ಮೊದಲು ಎಂದು ದಾರಿಯಲ್ಲಿ ಅವಳು ಮನೆ ಕೇಳುತ್ತಾ ಹೋದದ್ದರಿಂದ ತಿಳಿಯಿತು. ಅಷ್ಟು ವರ್ಷ ನಮ್ಮ ಮನೆಗೆ ಬಂದವಳ ಮನೆ ಎಲ್ಲಿದೆ ಎಂದು ನಮಗೆ ಗೊತ್ತಿರಲಿಲ್ಲ. ಹುಲಿಗೆವ್ವ ಅಂಗಳದ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳು, ನನ್ನ ಓರಗೆಯವಳು, ಮಗ್ಗುಲಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಮುಂದೆ ಆಕೆ ನನ್ನ ಜೊತೆಗೇ ಲಿಂಗಸುಗೂರಿನ ಶಾಲೆಯಲ್ಲಿ ಟೀಚರಾದಳು. ಈಗ ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ವಾರಕ್ಕೊಮ್ಮೆಯಾದರೂ ನಾವಿಬ್ಬರೂ ಅದರ ಕೆಳಗೆ ಕೂತು ಚಹಾ ಕುಡಿದು ಊರಿನವರನ್ನೆಲ್ಲ ಬೈಯುತ್ತೇವೆ. ಆವತ್ತು ಮಾತ್ರ ನನ್ನನ್ನು ಕೆಕ್ಕರಿಸಿ ನೋಡಿ ಪುಸ್ತಕಕ್ಕೆ ಮುಖ ಹಾಕಿದಳು.

"ಯಾಕ ಬರಲಿಲ್ಲ ಹುಲಿಗೆವ್ವ?" ಎಂದಳು ಅವ್ವ.

"ನೆರಳು ಬಿದ್ದಗಿದ್ದೀತಂತ ಬರಲಿಲ್ರಿ."

ಅವ್ವ ನಿಂತೇ ಇದ್ದಳು. ಹುಲಿಗೆವ್ವ ಕುಂದರ್ರಿ ಎಂದು ಹೇಳಲೂ ಇಲ್ಲ, ಹೋಗ್ರಿ ಎಂದು ಹೇಳಲೂ ಇಲ್ಲ, ಹಿಟ್ಟು ನಾದಿ ಮತ್ತೊಂದು ಬಡಿಯತೊಡಗಿದಳು. ಅಂಗೈ ಒಂದೇ ಲಯದಲ್ಲಿ ಬೀಳುತ್ತಿತ್ತು, ರೊಟ್ಟಿ ತಾನಾಗಿ ತಿರುಗುತ್ತ ಅಗಲವಾಗುತ್ತಿತ್ತು. ಬಿಸಿ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ಹಿಂಡಿ ಸವರಿ ಮಡಚಿ ನನಗೆ ಕೊಟ್ಟಳು. ನಾನು ತಿಂದೇಬಿಟ್ಟೆ, ಹಸಿವಾಗಿತ್ತು. ಇನ್ನೊಂದನ್ನು ಮಡಚಿ, ಅವ್ವನ ಮುಖ ನೋಡದೆ, ಗಾಳಿಗೆ ಚಾಚಿದ ಹಾಗೆ ಚಾಚಿದಳು. ಅವ್ವನ ಕೈ ಒಂದು ಗಳಿಗೆ ಸೆರಗಿನಲ್ಲೇ ಉಳಿಯಿತು. ಆಮೇಲೆ ಅವ್ವ ನೆಲದ ಮೇಲೆ ಕೂತು, ತೆಗೆದುಕೊಂಡು, ತಿಂದಳು.

"ಇಷ್ಟು ತೆಳ್ಳಗ ಬಡೀತೀ ಅಂತ ಒಮ್ಮೆನರ ಹೇಳಬಾರದಾ?"

"ನೀವು ಒಮ್ಮೆನರ ಕೇಳಿದ್ರೇನ್ರಿ?"

ಅವ್ವ ನಕ್ಕಳು. ನಗಬಾರದಿತ್ತೇನೋ, ಆದರೆ ನಕ್ಕಳು, ಕಣ್ಣಲ್ಲಿ ನೀರು ಬಂತು. ಹಿಂಡಿಯ ಖಾರಕ್ಕೋ ಮತ್ತೆ ಯಾತಕ್ಕೋ.

"ನಮ್ಮಲ್ಲಿ ರೊಟ್ಟಿ ಬಡಿಯಾಕ ಬರ್ತೀಯೇನು?"

ಹುಲಿಗೆವ್ವ ಹಿಟ್ಟಿನ ಕೈ ನಿಲ್ಲಿಸಿದಳು. "ಶರಣ್ಯಾ ಹಬ್ಬಿಸಿದ ಸುಳ್ಳು ಖರೇ ಮಾಡಾಕ ಹೊಂಟೀರೇನು?"

"ಹೌದು. ಖರೇ ಆತಂದ್ರ ಅಂವ ಯಾರ ಕಿವ್ಯಾಗ ಏನಂತ ಊದ್ತಾನ?"

"ಮಂದಿ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಮುದಗಲ್ಲ ಐತಿ. ಹೆಂಗಿದ್ರೂ ಈಗ ಬರವಲ್ರು. ನನಗ ರಟ್ಟಿ ನೋವೂ ಭಾಳ ಆಗೇತಿ ಹುಲಿಗೆವ್ವ, ಸುಳ್ಳ ಯಾಕ ಹೇಳ್ಲಿ."

"ಹಂಗ ಹೇಳ್ರಿ ಮತ್ತ. ರಟ್ಟಿ ನೊಂದ ಮ್ಯಾಲೆ ಹುಲಿಗೆವ್ವ ನೆನಪಾದ್ಲು." ಅವಳು ಒಲೆಯ ಕಟ್ಟಿಗೆ ಮುಂದೆ ನೂಕಿದಳು. "ಬರ್ತೀನಿ. ಆದ್ರ ಹಿತ್ತಲ ಬಾಗ್ಲಲೆ ಬರಂಗಿಲ್ಲ. ಅಡಗಿಮನ್ಯಾಗ ಮುಚ್ಚಿಟಗೊಂಡು ಬಡಿಯಾಕೂ ಒಲ್ಲೆ. ಪಡಸಾಲ್ಯಾಗ ಒಲಿ ಹಾಕ್ರಿ, ಬರೂ ಮಂದಿ ನೋಡ್ಲಿ. ಉಣ್ಣೂದೂ ಅಲ್ಲೇ."

ಮುಂದಿನ ಬಾಗಿಲಿನ ತನಕ ಅವ್ವ ಯೋಚನೆ ಮಾಡಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಕೊನೆಗೆ, "ಆತು, ಬಾ" ಎಂದಳು.

ಮನೆಯಲ್ಲಿ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಮೊನ್ನೆ ಲಿಂಗಾ ಮುಟ್ಟಿ ಆಣಿ ಮಾಡೀನಿ ಲೇ, ಊರ ಮುಂದ! ಈಗ ನನ್ನ ಆಣಿ ಸುಳ್ಳಾಗ್ತೈತಲ್ಲ!"

"ಸುಳ್ಳ ಹೆಂಗಾಗ್ತೈತ್ರಿ? ಮೊನ್ನಿದು ಮೊನ್ನಿಗೆ ಖರೇನ ಇತ್ತು."

ಅಪ್ಪ ಈ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಅದರಲ್ಲಿ ತೂತು ಸಿಗಲಿಲ್ಲ. ಸಿಟ್ಟು ಇಳಿಯಲಿಕ್ಕೆ ಒಂದು ದಿನ ಹಿಡಿಯಿತು. ಆದರೆ ಅವನ ಕೈ ಭಾಳ ಚಲೋ. ಮರುದಿನ ಕೆಮ್ಮಣ್ಣು ಕಲಸಿ, ಇಟ್ಟಂಗಿ ತಂದು, ಯಾರೊಡನೆಯೂ ಮಾತಾಡದೆ ಪಡಸಾಲೆಯ ಬಾಗಿಲ ಮಗ್ಗುಲಿಗೆ ಅಚ್ಚುಕಟ್ಟಾದ ಒಂದು ಒಲೆ ಹಾಕಿದ. ಹೊಗೆ ಗಿರಾಕಿಗಳ ಕಡೆ ಹೋಗಬಾರದೆಂದು ಅದರ ಬಾಯಿ ಎಷ್ಟು ಸಲ ತಿರುಗಿಸಿದನೋ. ಒಲೆ ಒಣಗಿದ ದಿನ ಹುಲಿಗೆವ್ವ ಬಂದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮುಂದಿನ ಹೊಸ್ತಿಲ ಹೊರಗೆ ನಿಂತಳು. ಅವ್ವ ಒಳಗಿದ್ದಳು, ಬಾಗಿಲಲ್ಲಿ ಇದ್ದವ ಅಪ್ಪ ಒಬ್ಬನೇ. "ಬಾರವ್ವ, ಒಳಗ ಬಾ" ಎಂದ. ಅವಳು ಬಲಗಾಲಿಟ್ಟು ಒಳಗೆ ಬಂದಳು.

ಹಿರೇಮಠ ಮಾಸ್ತರು ಬಂದು, ಒಲೆಯನ್ನೂ ಅದರ ಮುಂದೆ ಕೂತವಳನ್ನೂ ನೋಡಿ, "ಇವತ್ತು ನನಗ ಉಪವಾಸ" ಎಂದು ಹೇಳಿ ತಿರುಗಿ ಹೋದರು. ಹಾಸ್ಟೆಲಿನ ಹುಡುಗರು ಬಂದರು. ಅವರಿಗೆ ಬಿಸಿ ರೊಟ್ಟಿ ಕಣ್ಣೆದುರೇ ಸಿಗುವುದು ಹಬ್ಬವಾಯಿತು. ಯಾವತ್ತೂ ನಮ್ಮ ಬೆಂಚಿನ ಮೇಲೆ ಕೂತು ಉಣ್ಣದ ಮಹಬೂಬ್‌ಬಿ ಖಾಲಾ ಆವತ್ತು ಬುರ್ಖಾ ಮೇಲೆತ್ತಿ ನಡುಬೆಂಚಿಗೆ ಕೂತು, "ಏನ್ ನೋಡ್ತೀ ಗಂಗೀ, ತಾಟು ಇಡು! ಗಿರಾಕಿ ಬಂದೈತಿ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಷ್ಟರಲ್ಲಿ ಶರಣಪ್ಪನೇ ಬಂದ. ಊರಿನ ಬಾಯಿಂದ ಕೇಳಿ ನಂಬಿಕೆ ಬರದೆ ಕಣ್ಣಾರೆ ನೋಡಲು ಬಂದಿದ್ದ. ಹೊಸ್ತಿಲಲ್ಲಿ ನಿಂತವನ ಬಾಯಿ ತೆರೆದೇ ಇತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬರ್ರಿ ಶರಣಪ್ಪನೋರ, ಬರ್ರಿ. ನೀವು ಸುಳ್ಳ ಹೇಳೀರಿ ಅಂತ ಊರಾಗ ಒಬ್ಬಿಬ್ರು ಅನ್ನಾಕತ್ತಿದ್ರು. ನಮ್ಮ ಮನ್ಯಾಗ ಬೆಳೆದವ್ರು, ನಿಮ್ಮ ಮಾತು ಬಿದ್ದು ಹೋದ್ರ ನಮಗೂ ಕೆಟ್ಟ ಅನಸ್ತೈತಿ. ನೋಡ್ರಿ, ಖರೇ ಮಾಡಿ ಕೊಟ್ಟೀವಿ."

ಹಾಸ್ಟೆಲಿನ ಹುಡುಗರು ಹೋ ಎಂದರು. ಹುಲಿಗೆವ್ವ ತಲೆ ಎತ್ತದೆ, ರೊಟ್ಟಿ ತಿರುವಿ ಹಾಕುತ್ತ, "ಕುಂದ್ರೋ ಶರಣ್ಯಾ, ಬಿಸಿ ಐತಿ" ಎಂದಳು. ಅವನು ಕೂರಲಿಲ್ಲ. ಬಸ್ಸಿನವರು ಕಾಯುತ್ತಾರೆ ಎಂದೋ ಏನೋ ಗೊಣಗುತ್ತ ಹೋದ. ಅವನ ಖಾನಾವಳಿ ನಡೆಯಿತು, ನಮ್ಮದೂ ನಡೆಯಿತು. ಕೆಲವರು ನಮ್ಮ ಹೊಸ್ತಿಲು ಮತ್ತೆ ತುಳಿಯಲೇ ಇಲ್ಲ, ಅವರ ಜಾಗಕ್ಕೆ ಲಾರಿಯವರು, ವಳಕಮದಿನ್ನಿಯ ಕಡೆಯಿಂದ ಭತ್ತ ತಂದ ರೈತರು ಬಂದರು. ಗಿರಣಿಯಲ್ಲಿ ಯಾರೋ ಮತ್ತೆ ಆ ಮಾತು ಎತ್ತಿದಾಗ, "ಗೊತ್ತೈತಿ ಬಿಡವ್ವ, ಎಲ್ಲಾರ ಮುಂದ ಕುಂತು ಬಡೀತಾಳ, ಅದರಾಗೇನು ಸುದ್ದಿ" ಎಂದು ಉಳಿದವರು ಬಾಯಿ ಮುಚ್ಚಿಸಿದರೆಂದು ಖಾಲಾ ಬಂದು ಹೇಳಿದಳು. ಹಿರೇಮಠ ಮಾಸ್ತರ ಉಪವಾಸ ಮಳೆಗಾಲದ ತನಕ ನಡೆಯಿತು. ಆಮೇಲೆ ಅವರೂ ಬಂದು, ಮೂಲೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಂಡರು.

ಆ ಮೊದಲ ದಿನ ಗಿರಾಕಿಗಳು ಎದ್ದು ಹೋದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಭಾಳ ಉಳಿದಿದ್ದವು. ಅಪ್ಪ ತಾಟುಗಳನ್ನು ಹಾಕಿದ. ಹುಲಿಗೆವ್ವ ಕೈ ತೊಳೆದು ಬಂದು ಬೆಂಚಿನ ಮೇಲೆ, ನನ್ನ ಮಗ್ಗುಲಿಗೆ ಕೂತಳು. ಪಡಸಾಲೆಯ ಗೋಡೆ, ಗಲ್ಲಾ, ಓಣಿಯ ಕಡೆಯ ಬಾಗಿಲು, ಎಲ್ಲವನ್ನೂ ಒಂದು ಸಲ ನೋಡಿದಳು. ಅವ್ವ ಬಡಿಸಿದಳು. ಹುಲಿಗೆವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗೆ ಇಟ್ಟಳು. ನಾವು ಮೂವರೂ ನಮ್ಮ ತಾಟು ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದೆವು. ಹಿತ್ತಲ ಮೆಟ್ಟಿಲ ಮೇಲೆ ಅಷ್ಟು ವರ್ಷ ಉಂಡವಳು, ಒಂದು ದಿನಕ್ಕೂ ಊಟ ಹೀಗಿದೆ ಹಾಗಿದೆ ಎಂದವಳಲ್ಲ. ಕೊಟ್ಟದ್ದು ಉಂಡು ತಾಟು ತೊಳೆದಿಟ್ಟು ಹೋದವಳು. ಈಗ ಹುಬ್ಬು ಗಂಟಿಕ್ಕಿ ಅಗಿದಳು, ನುಂಗಿದಳು.

"ಶಾಂತಕ್ಕ," ಎಂದಳು, "ಪಲ್ಯಕ್ಕ ಉಪ್ಪ ಸಾಲವಲ್ದು."

ಅಪ್ಪ ಎದ್ದು ಒಳಗೆ ಹೋಗಿ ಉಪ್ಪು ತಂದು ಅವಳ ತಾಟಿಗೆ ಬಡಿಸಿದ.